ಜಿಎಸ್ ಟೈರು, ಮೂರನೇ ಕಂತು: ದಿನಕ್ಕೆ 0.9 ಪಿಎಸ್‌ಐ ಎಲ್ಲಿಗೆ ಹೋಗುತ್ತಿತ್ತು?

ಸಿಕ್ಕಿತು, ನಮ್ಮ ಜಿಎಸ್ ಬೈಕಿನ ಟೈರಿನಿಂದ ಗಾಳಿ ಸೋರುತ್ತಿದ್ದ ಜಾಗ. ಹಿಂದಿನ ಚಕ್ರದ ಎಡಬದಿ, ವಾಲ್ವಿನಿಂದ ಒಂದು ಗೇಣು ದೂರ, ರಿಮ್ಮಿನ ಅಂಚು. ಹೊಸ ಟೈರು, ಹೊಸ ವಾಲ್ವ್ ಪಿನ್, ಒಂದು ಮೊಳೆಯೂ ಚುಚ್ಚಿಲ್ಲ. ಆದರೂ ದಿನಾ ಗಾಳಿಯ ಒತ್ತಡ 0.9 ಪಿಎಸ್‌ಐ (ಬಂಕಿನ ಗೇಜಿನ ಅಳತೆ) ಇಳಿಯುತ್ತಿತ್ತು. ಮೂರು ವಾರ ಚಕ್ರದೊಳಗೆ ಒತ್ತಡ ಅಳೆಯುವ ಸೆನ್ಸರ್‌ಗೆ ಬೈದದ್ದು ಪೂರ್ತಿ ದಂಡ. ಸೆನ್ಸರ್ ಪಾಪ ಸತ್ಯವನ್ನೇ ಹೇಳುತ್ತಿತ್ತು, ಅದರ ಭಾಷೆ ಮಾತ್ರ ಬೇರೆ.

ಬಿಎಂಡಬ್ಲ್ಯು ಆರ್ 1250 ಜಿಎಸ್, ಕಡ್ಡಿ ಚಕ್ರ. ಮುಂದೆ 120/70 ಆರ್ 19, ಹಿಂದೆ 170/60 ಆರ್ 17; ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಕೊನೆಯದು ಇಂಚಿನಲ್ಲಿ ರಿಮ್ಮಿನ ಅಳತೆ. ಚಕ್ರ ಬಿಚ್ಚುವುದು, ಬೀಡ್, ಅಂದರೆ ರಿಮ್ಮಿಗೆ ಕೂರುವ ಟೈರಿನ ಗಟ್ಟಿ ಅಂಚನ್ನು ಒಡೆದು ಬಿಡಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ಬಿಡೋಣ. ಟೈರು ಆರಿಸಿದ ಬಗೆಗೆ ಮಾತ್ರ ನಾಲ್ಕು ಮಾತು ಹೇಳಲೇಬೇಕು. ಕೊನೆಗೆ ಕೈಕೊಟ್ಟದ್ದು ನಾವು ಜಗಳವಾಡಿದ ವಿಷಯವಲ್ಲ, ಯಾರೂ ನೋಡದ ವಿಷಯ.

ಈ ಅಳತೆಯೇ ಒಂದು ತಲೆನೋವು. 2012ರವರೆಗಿನ ಗಾಳಿ ತಂಪಿನ ಜಿಎಸ್‌ಗೆ 110/80 ಆರ್ 19 ಮತ್ತು 150/70 ಆರ್ 17. 2013ರಲ್ಲಿ ನೀರು ತಂಪಿನ ಎಂಜಿನ್ ಬಂದಾಗ ಟೈರೂ ಅಗಲವಾಯಿತು, ರಿಮ್ಮೂ ಅಗಲವಾಯಿತು: ಮುಂದೆ 2.5ರಿಂದ 3 ಇಂಚು, ಹಿಂದೆ 4ರಿಂದ 4.5 ಇಂಚು. ‘19, 17 ಎರಡೂ ಹೊಂದುತ್ತೆ ಸಾರ್, ಆರಾಮಾಗಿ ಕೂರುತ್ತೆ’ ಎಂದು 150ರ ಟೈರು ತೋರಿಸುವವರು ಈಗಲೂ ಇದ್ದಾರೆ. ಕೂರುತ್ತದೆ, ನಿಜ. ಅಗಲ ರಿಮ್ಮಿನ ಮೇಲೆ ಹೊಟ್ಟೆ ಚಪ್ಪಟೆಯಾಗಿ ಕೂರುತ್ತದೆ. ತಿರುವಿನಲ್ಲಿ ವಾಲಿಸಿದಾಗ ಟೈರಿನ ಅಂಚು ಬೇಗ ಮುಗಿದುಹೋಗುತ್ತದೆ.

ಆಮೇಲೆ ಅಕ್ಷರಗಳು. ಹಿಂದಿನ ಟೈರಿನ ಮೇಲೆ 72ವಿ. 72 ಎಂದರೆ 355 ಕೆಜಿ ಭಾರ, ವಿ ಎಂದರೆ 240 ಕಿ.ಮೀ. ವೇಗ. ಮುಂದಿನ 60 ಎಂದರೆ 250 ಕೆಜಿ. ದಪ್ಪ ದಪ್ಪ ಗಟ್ಟಿ ಬ್ಲಾಕಿನ ಕಾಂಟಿನೆಂಟಲ್ ಟಿಕೆಸಿ 80 ಇದೇ ಅಳತೆಯಲ್ಲಿ ಕ್ಯೂ, ಅಂದರೆ 160ಕ್ಕೆ ಮಿತಿ. ಅದನ್ನು ಕಂಡು ಗಾಬರಿಯಾಗುವವರಿಗೆ ಒಂದು ಸಮಾಧಾನ: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕನ್ನೇ ಬಿಡುವುದಿಲ್ಲ. ಸರ್ವಿಸ್ ರೋಡಿನ ಹಂಪುಗಳ ಮೇಲೆ 240ರ ಚಿಂತೆ ಯಾಕೆ? ನೋಡಬೇಕಾದ್ದು ಭಾರದ ಅಂಕಿ. ಇಬ್ಬರು, ಮೂರು ಪೆಟ್ಟಿಗೆ, ತುಂಬಿದ ಟ್ಯಾಂಕು ಸೇರಿದರೆ ಈ ಗಾಡಿಗೆ ಕಂಪನಿ ಕೊಟ್ಟ ಒಟ್ಟು ಮಿತಿ 465 ಕೆಜಿ ಮುಟ್ಟುವುದು ಕಷ್ಟವೇನಲ್ಲ.

ಟಿಕೆಸಿ 80 ಬೇಡವೆಂದದ್ದು ವೇಗಕ್ಕಲ್ಲ. ಬಿಸಿಲೆ ಘಾಟಿ, ಕುದುರೆಮುಖದ ಕಡೆ ತೋಟದ ದಾರಿ, ಅಲ್ಲಿಗೆ ಮುಟ್ಟಲು 250 ಕಿ.ಮೀ. ಟಾರು. ಈ ಲೆಕ್ಕದಲ್ಲಿ ಮಣ್ಣು ಐದರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಭಾರದ ಗಾಡಿಯ ಹಿಂದೆ ಆ ಬ್ಲಾಕುಗಳು ಟಾರಿನಲ್ಲೇ ಸವೆದು ಹೋಗುತ್ತವೆ. ಮಲೆನಾಡಿನ ಮಳೆಗಾಲದ ಅಂಟು ಕೆಂಪು ಮಣ್ಣಿಗೆ ಸಿಕ್ಕರೆ ಬ್ಲಾಕಿನ ನಡುವಿನ ಸಂದು ತುಂಬಿಕೊಂಡು ಎಲ್ಲ ಟೈರೂ ಕಡುಬಾಗುತ್ತದೆ. ಸಂದು ದೊಡ್ಡದಿದ್ದರೆ ಬೇಗ ಉದುರುತ್ತದೆ, ಅಷ್ಟೇ ವ್ಯತ್ಯಾಸ. ಶಿರಾಡಿ ಇಳಿಜಾರಿನಲ್ಲಿ ಮಳೆ ನೀರು ಹರಿಯುವ ಟಾರಿನ ಮೇಲೆ ಬ್ರೇಕು ಹಿಡಿದಾಗ ಬೇಕಾದ್ದು ನೆಲ ಮುಟ್ಟುವ ರಬ್ಬರು, ಸಂದಲ್ಲ. ಹಾಗಾಗಿ ಮೆಟ್ಜೆಲರ್ ಟೂರನ್ಸ್ ನೆಕ್ಸ್ಟ್ 2 ತೀರಾ ಟಾರಿನದು, ಕರೂ 4 ತೀರಾ ಮಣ್ಣಿನದು ಎಂದು ಎರಡನ್ನೂ ಬದಿಗಿಟ್ಟು, ನಡುವಿನ ಮಿಶೆಲಿನ್ ಅನಾಕೀ ಅಡ್ವೆಂಚರ್‌ಗೆ ತೀರ್ಮಾನವಾಯಿತು. ಕಂಪನಿಯೇ ಅದನ್ನು 80 ಪಾಲು ಟಾರು, 20 ಪಾಲು ಮಣ್ಣು ಎಂದು ಮಾರುತ್ತದೆ. ತಕರಾರಿದ್ದವರು ಇರಲಿ.

ಈಗ ಮಾರುವವರ ಕಥೆ. 2020ರ ಜೂನ್‌ನಿಂದ ಹೊಸ ಟೈರು ಆಮದಿಗೆ ಪರವಾನಗಿ ಬೇಕು, ಅದರ ಮೇಲೆ ಐಎಸ್‌ಐ ಗುರುತೂ ಕಡ್ಡಾಯ. ಹಾಗಾಗಿ ಈ ಅಳತೆಯ ಟೈರು ಅಂಗಡಿಗೆ ಬರುವುದು ಸಂಕ್ರಾಂತಿ ಬಂದಂತೆ, ವರ್ಷಕ್ಕೊಮ್ಮೆ. ‘ಸ್ಟಾಕ್ ಇದೆ’ ಎಂದು ಮುಂಗಡ ಹಾಕಿಸಿಕೊಂಡವರು ಐದು ವಾರದ ನಂತರ ‘ಕಂಟೇನರ್ ಬಂದಿಲ್ಲ’ ಅಂದರು. ಇನ್ನೊಂದು ಕಡೆ ‘ಫ್ರೆಶ್ ಮಾಲು’ ಎಂದು ಕೊಟ್ಟ ಟೈರಿನ ಬದಿಯಲ್ಲಿ ಅಚ್ಚಾದ, ತಯಾರಾದ ಕಾಲ ಹೇಳುವ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿದರೆ, ಮೊದಲೆರಡು ವಾರ, ಕೊನೆಯೆರಡು ವರ್ಷ ತಾನೆ, ಎರಡೂವರೆ ವರ್ಷದ ಹಿಂದಿನದು. ಅದಕ್ಕಿಂತ ಕೆಟ್ಟದ್ದು, ಜಾಗ ಉಳಿಸಲು ಒಂದರೊಳಗೊಂದು ತುರುಕಿ ಕಟ್ಟಿಟ್ಟಿದ್ದರು. ಎರಡು ಬೀಡುಗಳ ನಡುವೆ ನಾಲ್ಕು ಬೆರಳು ಹೋಗುವಷ್ಟೂ ಜಾಗವಿರಲಿಲ್ಲ. ಡಿಸೈನು ಯಾವುದೆಂದು ರಾತ್ರಿಯಿಡೀ ವಾದ ಮಾಡುವ ನಾವು ಟೈರು ತರುವಾಗ ಬೀಡಿನ ಮೇಲೆ ಬೆರಳೂ ಆಡಿಸುವುದಿಲ್ಲ.

ಕೊನೆಗೆ ತಂದದ್ದು ಅದನ್ನೇ. ಅಂಥ ಟೈರಿಗೆ ರಿಮ್ಮಿನ ಮೇಲೆ ಗಾಳಿ ನಿಲ್ಲುವುದಿಲ್ಲ, ಎರಡೂ ಬದಿಯಿಂದ ಬುಸ್ಸೆಂದು ಹೊರಗೆ. ಮದ್ದು: ನಡುವೆ ಮರದ ತುಂಡು ಕೊಟ್ಟು ಬೀಡು ಅಗಲಿಸಿ ಎರಡು ದಿನ ಬಿಸಿಲಿಗೆ ಇಡುವುದು, ಹಾಕುವಾಗ ಟೈರಿನ ಸುತ್ತ ಪಟ್ಟಿ ಬಿಗಿದು ನೆತ್ತಿಯನ್ನು ಒತ್ತುವುದು, ವಾಲ್ವ್ ಪಿನ್ ತೆಗೆದು ಟ್ಯಾಂಕಿರುವ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ಬಿಡುವುದು. ಬೀಡು ಹಿಡಿಯುತ್ತಿದ್ದ ಹಾಗೆ ಪಟ್ಟಿ ಬಿಚ್ಚಬೇಕು. ಟಪ್, ಟಪ್ ಎಂದು ಎರಡು ಸದ್ದು. ಟೈರಿನ ಮೇಲೆ ಬರೆದ ಮಿತಿ ದಾಟಿಸಬೇಡಿ. ಹಿಡಿಯದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ನೀರು ಸವರಿ ಮೊದಲಿಂದ. ಬದಿಯ ತೆಳು ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿದ್ದರೆ ಕೂತಿದೆ ಎಂದರ್ಥ. ಕೂತಿತ್ತು. ಐದು ಬೋಲ್ಟು, ಎದುರುಬದುರಾಗಿ 60 ನ್ಯೂಟನ್ ಮೀಟರ್. ಮುಗಿಯಿತು ಅಂದುಕೊಂಡೆವು.

ಮರುದಿನದಿಂದ ಡ್ಯಾಶ್‌ಬೋರ್ಡಿನ ಆಟ ಶುರು.

ಹಿಂದಿನ ಚಕ್ರಕ್ಕೆ ಬೇಕಾದ್ದು 2.9 ಬಾರ್, ಅಂದರೆ 42 ಪಿಎಸ್‌ಐ. ಬಂಕಿನಲ್ಲಿ 42 ಹೊಡೆಸಿದರೆ ಪರದೆ 2.6 ಅನ್ನುತ್ತದೆ. ಎಲ್ಲರೂ ಹೇಳುವ ಉತ್ತರ ಸರಿಯೇ: ಈ ಗಾಡಿ ತೋರಿಸುವುದು ಟೈರಿನೊಳಗೆ ಈಗಿರುವ ಒತ್ತಡವನ್ನಲ್ಲ, ಒಳಗಿನ ಗಾಳಿ 20 ಡಿಗ್ರಿ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದನ್ನು. ಹಿಂದಿನ ಟೈರಿನಲ್ಲಿ ಒಂದು ಡಿಗ್ರಿಗೆ 0.19 ಪಿಎಸ್‌ಐ, ಮುಂದೆ 0.17. ಐದು ಡಿಗ್ರಿಗೆ ಒಂದು ಪಿಎಸ್‌ಐ ಎಂದು ನೆನಪಿಟ್ಟುಕೊಂಡರೆ ಸಾಕು. ರಾಯಚೂರಿನ ಏಪ್ರಿಲ್‌ನಲ್ಲಿ ಟೈರು ಇನ್ನೂ ಓಡದೆ 40 ಡಿಗ್ರಿ ಇದ್ದಾಗ 42 ಹೊಡೆಸಿದರೆ, 20ರ ಲೆಕ್ಕಕ್ಕೆ ಅದು 38.

ಇದಕ್ಕಿಂತ ದೊಡ್ಡ ಹಾಳು ಓಡಿದ ಟೈರಿಗೆ ಗೇಜು ಹಚ್ಚುವುದು. ಸರಿಯಾಗಿ 42 ಇದ್ದ ಟೈರಿನ ಒಳಗಿನ ಗಾಳಿ 60 ಡಿಗ್ರಿಗೆ ಏರಿದರೆ ಗೇಜು 49ರ ಮೇಲೆ ತೋರಿಸುತ್ತದೆ. ಬಂಕಿನ ಹುಡುಗ ಒಳ್ಳೆ ಮನಸ್ಸಿನಿಂದಲೇ ‘ಜಾಸ್ತಿ ಇದೆ ಸಾರ್’ ಎಂದು ಪಿಸ್ಸೆಂದು ಬಿಟ್ಟು 42ಕ್ಕೆ ತರುತ್ತಾನೆ. ತಣ್ಣಗಾದ ಮೇಲೆ 2.4 ಬಾರ್, ಮೇಲೆ ಇಬ್ಬರು, ಮೂರು ಪೆಟ್ಟಿಗೆ. ಅಂಥ ಟೈರು ಬದಿಯಲ್ಲಿ ಮಡಚಿ ಮಡಚಿ ಮತ್ತಷ್ಟು ಬಿಸಿಯಾಗುತ್ತದೆ, ಮುಂದಿನ ಬಂಕಿನಲ್ಲಿ ಮತ್ತೆ ಜಾಸ್ತಿ ತೋರಿಸುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಪರದೆ 2.9 ಅಂದರೆ 2.9, ಮುಚ್ಚಿಕೊಂಡು ಓಡಿಸಿ.

ಇಷ್ಟೆಲ್ಲ ಗೊತ್ತಿದ್ದದ್ದೇ ಮುಳುವಾಯಿತು. ಅಂಕಿ ಕಡಿಮೆ ತೋರಿಸಿದಾಗಲೆಲ್ಲ ‘ಅದು ಟೆಂಪರೇಚರ್ ಲೆಕ್ಕ’ ಎಂದು ಸುಮ್ಮನಾಗುವುದು ಅಭ್ಯಾಸವಾಯಿತು. ಆ ಲೆಕ್ಕದ ನೆರಳಿನಲ್ಲಿ ನಿಜವಾದ ಸೋರಿಕೆಯೊಂದು ಆರಾಮಾಗಿ ಅಡಗಿ ಕೂತಿತ್ತು. ಪರದೆಯಲ್ಲಿ ದಶಮಾಂಶದ ನಂತರ ಒಂದೇ ಅಂಕಿ, ಅಂದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುವವರೆಗೂ ಅದು ಬಾಯಿ ಬಿಡುವುದಿಲ್ಲ. ಗಂಟೆಗೆ 30 ಕಿ.ಮೀ. ದಾಟುವವರೆಗೆ ಸೆನ್ಸರ್ ಏನನ್ನೂ ಕಳಿಸುವುದೂ ಇಲ್ಲ. ಮನೆ ಮುಂದೆ ನಿಂತ ಗಾಡಿಯ ಪರದೆ ನೋಡಿ ತೀರ್ಪು ಕೊಡಲಾಗದು.

ಎರಡನ್ನೂ ಬೇರ್ಪಡಿಸಿದ್ದು ಹೀಗೆ: ಒಂದೇ ಡಿಜಿಟಲ್ ಗೇಜು, ಬೆಳಿಗ್ಗೆ ಆರು ಗಂಟೆ, ಹಿಂದಿನ ರಾತ್ರಿಯಿಂದ ಓಡದ ಗಾಡಿ, ನೆರಳು, ಪಕ್ಕದಲ್ಲಿ ಥರ್ಮಾಮೀಟರ್. ಮೊದಲ ದಿನ 21 ಡಿಗ್ರಿಯಲ್ಲಿ 42.2. ಎರಡನೇ ದಿನ 20 ಡಿಗ್ರಿ, 41.1. ಮೂರನೇ ದಿನ 22 ಡಿಗ್ರಿ, 40.6. ಬರೀ ಗೇಜು ನೋಡಿದರೆ ಸೋರಿಕೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ, ತಾನಾಗಿ ವಾಸಿಯಾಗುತ್ತಿದೆ ಅನ್ನಿಸುತ್ತದೆ. 20 ಡಿಗ್ರಿಗೆ ಇಳಿಸಿ ಬರೆದರೆ 42.0, 41.1, 40.2. ನಾಲ್ಕನೇ ದಿನ 19 ಡಿಗ್ರಿಯಲ್ಲಿ 39.2, ಅಂದರೆ 39.4. ಗಡಿಯಾರದಂತೆ ದಿನಕ್ಕೆ 0.9ರ ಆಸುಪಾಸು. ಉಷ್ಣತೆಗೂ ಇದಕ್ಕೂ ಸಂಬಂಧವಿಲ್ಲ, ಎಲ್ಲೋ ತೂತು ಇದೆ.

ಎಲ್ಲಿ? ಈ ಕಡ್ಡಿ ಚಕ್ರದಲ್ಲಿ ಕಡ್ಡಿಗಳು ರಿಮ್ಮಿನ ಹೊರ ಅಂಚಿಗೆ ಸಿಕ್ಕಿಕೊಂಡಿವೆ, ಗಾಳಿಯ ಕೋಣೆಗೆ ತೂತೇ ಇಲ್ಲ. ಅಲ್ಲಿಗೆ ಕಡ್ಡಿ ಖುಲಾಸೆ. ಉಳಿದದ್ದು ವಾಲ್ವ್ ಪಿನ್, ಸೆನ್ಸರ್ ಕೂತ ವಾಲ್ವಿನ ಬುಡ, ಬೀಡು. ಪಿನ್ ಬದಲಿಸಿದರೂ ಅದೇ 0.9. ವಾಲ್ವಿನ ಬುಡಕ್ಕೆ ಸೋಪು ನೀರು, ಏನಿಲ್ಲ. ಬೀಡಿನ ಸುತ್ತ ಎರಡೂ ಬದಿ ಸೋಪು ನೀರು, ಏನಿಲ್ಲ. ಚಕ್ರ ಬಿಚ್ಚಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದರೂ ಸುಮ್ಮನೆ ತಣ್ಣಗೆ ಕೂತಿತ್ತು.

ಸುಮಾರು 20 ಲೀಟರ್ ಗಾಳಿ ಹಿಡಿಯುವ ಟೈರಿನಲ್ಲಿ ದಿನಕ್ಕೆ 0.9 ಪಿಎಸ್‌ಐ ಎಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಅದು ಬುಳುಬುಳು ಅನ್ನುವುದಿಲ್ಲ, ಮುಳುಗಿಸುವಾಗ ಅಂಟಿಕೊಂಡ ಗುಳ್ಳೆಗಳ ನಡುವೆ ಕಳೆದೇ ಹೋಗುತ್ತದೆ. ಇನ್ನೊಂದು ವಿಷಯ ತಲೆಗೆ ಹೊಳೆಯಲು ತಡವಾಯಿತು: ಒಳಗಿನ ಒತ್ತಡ ಹೆಚ್ಚಿದ್ದಷ್ಟೂ ಬೀಡು ರಿಮ್ಮಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಬೇಗ ಕಾಣಲಿ ಎಂದು 45ಕ್ಕೆ ಏರಿಸಿ ಹುಡುಕಿದ್ದೇ ತಪ್ಪು, ತೂತನ್ನು ನಾವೇ ಅದುಮಿ ಹಿಡಿದಂತಾಗಿತ್ತು. 20ಕ್ಕೆ ಇಳಿಸಿ, ಚಕ್ರವನ್ನು ಮಲಗಿಸಿ, ಪಾತ್ರೆ ತೊಳೆಯುವ ಸೋಪನ್ನು ಗಟ್ಟಿಯಾಗಿ ಕದಡಿ ಪೇಂಟ್ ಬ್ರಷ್ಷಿನಲ್ಲಿ ಅಂಚಿಗೆ ತುಂಬಿ ಹತ್ತು ನಿಮಿಷ ಕಾದರೆ, ಒಂದು ಕಡೆ ಮಾತ್ರ ನೊರೆ ಸಾಸಿವೆ ಕಾಳಿನಷ್ಟು ಬಿಳಿಯಾಗಿ ಉಬ್ಬಿತು. ಒರೆಸಿದರೆ ಮತ್ತೆ ಅಲ್ಲೇ.

ಟೈರು ಕಿತ್ತು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಹಳೆ ಟೈರು ಬಿಚ್ಚಿಸಿದ ಪಂಚರ್ ಅಂಗಡಿಯಲ್ಲಿ ರಿಮ್ಮಿನ ಬಿಳಿ ತುಕ್ಕಿನ ಪುಡಿ ತೆಗೆಯಲು ಒರಟು ಎಮರಿ ಪೇಪರ್ ಉಜ್ಜಿದ್ದಾರೆ, ಅದೂ ಒಳಗಿನಿಂದ ಹೊರಗೆ, ಬೀಡಿಗೆ ಅಡ್ಡಲಾಗಿ. ಒಂದೊಂದು ಗೀರೂ ಗಾಳಿಗೆ ಒಂದೊಂದು ಕಾಲುವೆ. ಸುತ್ತಿನ ದಿಕ್ಕಿಗೇ ಉಜ್ಜಿದ್ದರೆ ಅಷ್ಟೇ ಆಳದ ಗೀರು ಬಿದ್ದರೂ ಗಾಳಿ ಅಲ್ಲೇ ಸುತ್ತುತ್ತಿತ್ತು, ಹೊರಗೆ ದಾರಿ ಇರುತ್ತಿರಲಿಲ್ಲ. ಮೆತ್ತನೆಯ ಹೊಸ ಬೀಡಾಗಿದ್ದರೆ ಆ ಗೀರುಗಳನ್ನು ತುಂಬಿಕೊಳ್ಳುತ್ತಿತ್ತೋ ಏನೋ. ಎರಡೂವರೆ ವರ್ಷ ಗೋದಾಮಿನಲ್ಲಿ ಮಡಚಿಕೊಂಡು ಬಿರುಸಾದ ಬೀಡು ಮೇಲೆ ಸೇತುವೆಯ ಹಾಗೆ ನಿಂತಿತ್ತು.

ರಿಪೇರಿ ಒಂದು ಗಂಟೆಯದು. ಪಾತ್ರೆ ಉಜ್ಜುವ ಹಸಿರು ನಾರು, ಸುತ್ತಿನ ದಿಕ್ಕಿಗೆ ಮಾತ್ರ, ಉಗುರು ಆಡಿಸಿದರೆ ಅಡ್ಡ ಗೀರು ಸಿಗದಷ್ಟು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿ, ಟೈರಿನ ಬೀಡನ್ನೂ ಒರೆಸಿ, ಈ ಸಲ ಸೋಪು ನೀರಿನ ಬದಲು ಟೈರ್ ಪೇಸ್ಟ್ ತೆಳ್ಳಗೆ. ಗ್ರೀಸು, ಎಂಜಿನ್ ಆಯಿಲ್ ಹತ್ತಿರ ತರಬೇಡಿ. ರಬ್ಬರಿಗೂ ಕೇಡು, ಜೋರಾಗಿ ಬ್ರೇಕು ಹಾಕಿದಾಗ ರಿಮ್ಮಿನೊಳಗೆ ಟೈರೂ ಜಾರುತ್ತದೆ. ಟೈರಿನೊಳಗೆ ಸುರಿಯುವ ಸೀಲೆಂಟ್ ಹಾಕಿದ್ದರೆ ಎಲ್ಲ ಐದು ನಿಮಿಷದಲ್ಲಿ ಮುಗಿಯುತ್ತಿತ್ತು ಅನ್ನುವವರಿಗೆ: ಆ ಅಂಟು ಸೆನ್ಸರಿನ ಸಣ್ಣ ಕಿಂಡಿಯನ್ನು ಮುಚ್ಚುತ್ತದೆ. ಸೆನ್ಸರಿನ ಬೆಲೆ ವಿಚಾರಿಸಿ ಆಮೇಲೆ ಮಾತಾಡೋಣ. ಬೀಡು ಒಡೆಯುವಾಗಲೂ ವಾಲ್ವಿನ ಎದುರು ಬದಿಯಿಂದಲೇ ಶುರು ಮಾಡಿ, ಕಾರಣ ಅದೇ.

ನಡುವೆ ಇನ್ನೊಂದು ಹುಳ ತಲೆ ಹೊಕ್ಕಿದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕಿನ ಟ್ಯೂಬಿನ ಕಡ್ಡಿ ಚಕ್ರದ ಜೋಡಿಯೊಂದು ಮೂಲೆಯಲ್ಲಿ ಬಿದ್ದಿದೆ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್‌ಗಳ ಮೇಲೆ ಸೀಲೆಂಟು, ಅದರ ಮೇಲೆ ಟೇಪು ಸುತ್ತಿ ಟ್ಯೂಬ್‌ಲೆಸ್ ಮಾಡುವ ಯೋಚನೆ. ಹಿಂದಿನ 17 ಇಂಚಿನದು ಸುಲಭ ಅನ್ನಿಸುತ್ತದೆ. ಮುಂದಿನ 21ರ ವಿಷಯ ಬೇರೆ: ಟ್ಯೂಬಿಗೆಂದು ಮಾಡಿದ ರಿಮ್ಮಿನಲ್ಲಿ ಬೀಡನ್ನು ಹಿಡಿದಿಡುವ ಒಳಗಿನ ಉಬ್ಬು ಇಲ್ಲದಿದ್ದರೆ, ಗಾಳಿ ಇಳಿದಾಗ ಬೀಡು ನಡುವಿನ ಹಳ್ಳಕ್ಕೆ ಜಾರುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಮೊದಲು ಆ ರಿಮ್ಮಿನ ಒಳಬದಿ ಅಳೆಯಬೇಕು. ಟೇಪು ಆಗಲೇ ಬಂದು ಕೂತಿದೆ, ಎಂದಿನಂತೆ ಅಳತೆಗಿಂತ ಮೊದಲು.

ಜಿಎಸ್‌ಗೆ ಮರಳಿದರೆ, ಹತ್ತು ದಿನದ ಬೆಳಗಿನ ಅಂಕಿಗಳನ್ನು 20 ಡಿಗ್ರಿಗೆ ಇಳಿಸಿ ಬರೆದಾಗ 41.9ರಿಂದ 42.1ರ ನಡುವೆಯೇ ಇವೆ. ಮುಂದಿನ ಚಕ್ರಕ್ಕೂ ಅದೇ ಅಂಗಡಿಯ ಅದೇ ಎಮರಿ ಪೇಪರ್ ಬಿದ್ದಿದೆ, ನಿನ್ನೆ 36.2, ಇವತ್ತು ಅದೇ ಉಷ್ಣತೆಯಲ್ಲಿ 35.9. ಹಸಿರು ನಾರು ಇನ್ನೊಂದು ತಂದಾಗಿದೆ.