ಗುಮ್ಮಟದ ಗೋಳು

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಗೋಳಗುಮ್ಮಟದ ಮೇಲೆ ಪ್ರಾಜೆಕ್ಟ್ ವರದಿ ಬರೆದಿದ್ದಾಳೆ. "ಮಾಮಾ, ಸುಮ್ನೆ ಒಂದ್ಸಲ ನೋಡಿ ಕೊಡ್ರಿ" ಅಂದಳು. ಸುಮ್ನೆ ಅಂತೆ! ಎರಡು ರಾತ್ರಿ ಹೋಯಿತು.

ಟೈಪ್ ಮಾಡಿಸಿದ್ದು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚುರುಮುರಿ. ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಒಂದೊಂದೇ ಸರಿ ಮಾಡಿದೆ.

ಆಮೇಲೆ ನೋಡಿದರೆ, ಗುಮ್ಮಟದ ಹೊರವ್ಯಾಸ ಒಂದು ಪುಟದಲ್ಲಿ 44 ಮೀಟರ್, ಇನ್ನೊಂದರಲ್ಲಿ 144 ಅಡಿ. ಎರಡೂ ಒಂದೇ ಅಂತ ಅವಳಿಗೇ ಗೊತ್ತಿಲ್ಲ. ಆ ಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ, ಇವಳ ವರದಿಯಲ್ಲಿ 1956. ಏಕೀಕರಣದ ಸುದ್ದಿ ಕೇಳಿ ಹೋದನೇನೋ ಸುಲ್ತಾನ!

ಕೊನೆಗೆ ಅವಳೇ ಹೊಡೆದು ಹಾಕಿದ್ದ ಒಂದು ಪ್ಯಾರಾ ಸಿಕ್ಕಿತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಅಜ್ಜ ಕೆಮ್ಮಿದ್ದು, ಆ ಕೆಮ್ಮು ಸುತ್ತಿ ಸುತ್ತಿ ವಾಪಸ್ ಬಂದದ್ದು, ಅಜ್ಜ ತಾವೇ ನಕ್ಕದ್ದು. ಇಡೀ ವರದಿಯಲ್ಲಿ ಜೀವ ಇದ್ದದ್ದು ಅಲ್ಲೇ. "ವರದಿಯಲ್ಲಿ 'ನಾನು' ಬರಬಾರದಂತ್ರಿ ಮಾಮಾ" ಅಂದಳು. ನಿಯಮ ಸರಿಯೇ ಇರಬಹುದು. ಆದರೂ ಆ ಪ್ಯಾರಾ ಮುನ್ನುಡಿಗೆ ಸೇರಿಸಿ ಪ್ರಿಂಟ್ ಕೊಟ್ಟೆ. ಸ್ಪೈರಲ್ ಬೈಂಡಿಂಗ್ ನಾಳೆ.