ಡಿಮೆಟ್ರಿಯಸ್‌ಗೆ ಮದ್ದು ತೆಗೆಸಲೇ ಇಲ್ಲವಲ್ಲ?

ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಕಾಲೇಜು ಮಕ್ಕಳ ಕೈಯಲ್ಲಿ ಮೂರು ಸಲ ಆಡಿಸಿದ್ದೇನೆ. ಮೂರು ಸಲವೂ ಮುಗಿದ ಮೇಲೆ ಅದೇ ಪ್ರಶ್ನೆ. ಚಹಾ ಲೋಟ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ. "ಮೇಡಂ, ಉಳಿದವರಿಗೆಲ್ಲ ಮದ್ದು ತೆಗೆಸಿದ್ರಿ. ಆ ಡಿಮೆಟ್ರಿಯಸ್‌ಗೆ ಮಾತ್ರ ತೆಗೆಸಲೇ ಇಲ್ವಲ್ಲ? ಅದು ಪ್ರೀತಿ ಹೇಗಾಗುತ್ತೆ?"

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಅಥೆನ್ಸ್ ಪಟ್ಟಣದ ಹರ್ಮಿಯಾಳಿಗೆ ಲೈಸಾಂಡರ್ ಮೇಲೆ ಪ್ರೀತಿ. ಅಪ್ಪನಿಗೆ ಡಿಮೆಟ್ರಿಯಸ್ಸೇ ಅಳಿಯ ಆಗಬೇಕು. ಅಪ್ಪ ಹೇಳಿದವನನ್ನು ಮದುವೆಯಾಗು, ಇಲ್ಲವೇ ಸಾಯಿ, ಅದೂ ಬೇಡವೆಂದರೆ ಸನ್ಯಾಸಿನಿಯಾಗು ಅನ್ನುವುದು ಅಲ್ಲಿನ ಕಾನೂನು. ಪ್ರೇಮಿಗಳು ರಾತ್ರೋರಾತ್ರಿ ಕಾಡಿಗೆ ಓಡುತ್ತಾರೆ. ಡಿಮೆಟ್ರಿಯಸ್ ಅವರ ಹಿಂದೆ. ಅವನಿಗೆ ಸೋತ ಹೆಲೆನಾ ಅವನ ಹಿಂದೆ. ಕಾಡಿನಲ್ಲಿ ಯಕ್ಷರ ರಾಜ ಓಬೆರಾನ್ ಹತ್ತಿರ ಒಂದು ಹೂವಿನ ರಸ ಇದೆ. ನಿದ್ದೆಯಲ್ಲಿ ಕಣ್ಣಿಗೆ ಹಿಂಡಿದರೆ, ಎದ್ದಾಗ ಮೊದಲು ಕಂಡವರ ಮೇಲೆ ಮೋಹ. ನಮ್ಮ ಮನ್ಮಥ ಹೂವನ್ನೇ ಬಾಣ ಮಾಡಿಕೊಂಡವನು. ಅಲ್ಲಿನ ಮನ್ಮಥನ ಬಾಣ ಗುರಿ ತಪ್ಪಿ ಹೂವಿಗೆ ಬಿತ್ತಂತೆ, ಹಾಲಿನ ಬಣ್ಣದ ಹೂವು ನೇರಳೆಯಾಯಿತಂತೆ. ಓಬೆರಾನ್‌ನ ತುಂಟ ಆಳು ಪಕ್ ಈ ರಸವನ್ನು ಡಿಮೆಟ್ರಿಯಸ್ ಎಂದುಕೊಂಡು ಲೈಸಾಂಡರ್‌ನ ಕಣ್ಣಿಗೆ ಹಾಕುತ್ತಾನೆ. ತಪ್ಪು ಗೊತ್ತಾಗಿ ಓಬೆರಾನ್ ಡಿಮೆಟ್ರಿಯಸ್‌ಗೂ ಹಾಕುತ್ತಾನೆ. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಹೆಲೆನಾಳ ಹಿಂದೆ ಈಗ ಇಬ್ಬರು. ಬೆಳಗಾಗುವಷ್ಟರಲ್ಲಿ ಲೈಸಾಂಡರ್‌ಗೆ ಇಳಿಸುತ್ತಾರೆ. ಡಿಮೆಟ್ರಿಯಸ್‌ಗೆ ಇಳಿಸುವುದಿಲ್ಲ. ಹಾಗೇ ಮದುವೆ.

ಪ್ರಶ್ನೆ ನ್ಯಾಯವಾಗಿಯೇ ಇದೆ. ನನ್ನ ಉತ್ತರ ಇಷ್ಟು: ಮೊದಲನೇ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಲೈಸಾಂಡರ್ ಎಲ್ಲರೆದುರೇ ಹೇಳುತ್ತಾನೆ, ಈ ಡಿಮೆಟ್ರಿಯಸ್ ಮುಂಚೆ ಹೆಲೆನಾಳ ಹಿಂದೆ ಬಿದ್ದು ಅವಳ ಮನಸ್ಸು ಗೆದ್ದವನು ಅಂತ. ಆಮೇಲೆ ಹರ್ಮಿಯಾಳ ಕಡೆ ತಿರುಗಿದ. ಆಗ ಯಾರು ಮದ್ದು ಹಾಕಿದ್ದರು? ಯಾರೂ ಇಲ್ಲ. ದೊರೆ ಥೀಸಿಯಸ್‌ಗೂ ಈ ಸುದ್ದಿ ಬಂದಿತ್ತು. ಕರೆದು ಕೇಳಬೇಕು ಅಂದುಕೊಂಡಿದ್ದನಂತೆ, ತನ್ನದೇ ಕೆಲಸದ ಗಡಿಬಿಡಿಯಲ್ಲಿ ಮರೆತನಂತೆ. ನಾಲ್ಕು ದಿನಕ್ಕೆ ಅವನದೇ ಮದುವೆ, ಪಾಪ. ಹುಡುಗಿಗೆ ಸಾವಿನ ಮಾತು ಹೇಳುವುದು ಮಾತ್ರ ಮರೆಯುವುದಿಲ್ಲ.

ಅಂದರೆ ಡಿಮೆಟ್ರಿಯಸ್ ಮನಸ್ಸು ಬದಲಿಸಿದ್ದು ಎರಡು ಸಲ. ಒಮ್ಮೆ ತಾನಾಗಿ, ಒಮ್ಮೆ ರಸದಿಂದ. ಜನ ಎರಡನೆಯದನ್ನು ಮಾತ್ರ ಪ್ರಶ್ನೆ ಮಾಡುತ್ತಾರೆ. ಅವನನ್ನೇ ಕೇಳಿದರೆ, ಕಾಯಿಲೆ ಬಿದ್ದಾಗ ಊಟ ಸೇರುತ್ತಿರಲಿಲ್ಲ, ಈಗ ಗುಣವಾಗಿ ಬಾಯಿಗೆ ರುಚಿ ಬಂದಿದೆ ಎನ್ನುತ್ತಾನೆ. ಹುಡುಗಿಯನ್ನು ಊಟಕ್ಕೆ ಹೋಲಿಸುವವನನ್ನು ನಾನಂತೂ ಜಾಸ್ತಿ ನಂಬುವುದಿಲ್ಲ. ಬುದ್ಧಿಗೂ ಪ್ರೀತಿಗೂ ಈಗೀಗ ಮಾತುಕತೆ ಕಡಿಮೆ ಎಂಬ ಮಾತು ನಾಟಕದಲ್ಲಿ ಇದೆ. ಅದನ್ನು ಹೇಳುವುದು ಯಾರು ಗೊತ್ತಾ? ಪಕ್‌ನ ಮಾಟದಿಂದ ಕತ್ತೆ ತಲೆ ಹೊತ್ತುಕೊಂಡ ನೇಕಾರ ಬಾಟಮ್.

ಈ ಪ್ರಶ್ನೆ ಕೇಳಿ ಕೇಳಿ ನನಗೆ ಬೇರೆ ಪ್ರಶ್ನೆ ಹುಟ್ಟಿದೆ. ಈ ನಾಟಕದಲ್ಲಿ ಗಂಡು ಹೆಣ್ಣಿನ ಜಗಳಗಳೆಲ್ಲ ಸರಿಹೋಗುತ್ತವೆ. ಹೆಂಗಸರ ನಡುವಿನ ಸ್ನೇಹ ಏನಾಯಿತು?

ರಾಣಿ ಟೈಟಾನಿಯಾಳನ್ನು ತೆಗೆದುಕೊಳ್ಳಿ. ಗಂಡ ಓಬೆರಾನ್‌ಗೂ ಅವಳಿಗೂ ಜಗಳ ಒಂದು ಮಗುವಿಗಾಗಿ. ಆ ಮಗು ನಮ್ಮ ಕಡೆಯದು, ಇಂಡಿಯಾದ್ದು. ತಾಯಿ ಟೈಟಾನಿಯಾಳ ಭಕ್ತೆ, ಗೆಳತಿ. ಮಸಾಲೆ ಘಮದ ಇಂಡಿಯಾದ ಗಾಳಿಯಲ್ಲಿ ಇಬ್ಬರೂ ಕಡಲ ದಂಡೆಯಲ್ಲಿ ಕೂತು ವ್ಯಾಪಾರಿಗಳ ಹಡಗು ನೋಡುತ್ತಿದ್ದರು. ಗಾಳಿ ತುಂಬಿ ಹಾಯಿಗಳು ಬಸುರಾದವು ಅಂತ ನಗುತ್ತಿದ್ದರು. ತುಂಬು ಬಸುರಿ ಗೆಳತಿ ಆ ಹಡಗಿನ ಹಾಗೇ ನಡೆದು ಏನೇನೋ ತಂದುಕೊಡುತ್ತಿದ್ದಳು. ಹೆರಿಗೆಯಲ್ಲಿ ತೀರಿಕೊಂಡಳು. ಅವಳಿಗೋಸ್ಕರ ಸಾಕುತ್ತಿದ್ದೇನೆ, ಅವಳಿಗೋಸ್ಕರ ಬಿಟ್ಟುಕೊಡುವುದಿಲ್ಲ ಎನ್ನುತ್ತಾಳೆ ಟೈಟಾನಿಯಾ. ಇಡೀ ನಾಟಕದಲ್ಲಿ ನನಗೆ ಅತಿ ಇಷ್ಟವಾದ ಮಾತು ಇದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಇಲ್ಲಿ ಊರೇ ಬಡವಾಗುತ್ತದೆ. ಇವರ ಜಗಳಕ್ಕೆ ಹೊಳೆ ಉಕ್ಕಿ, ಹಸಿ ಪೈರು ಗದ್ದೆಯಲ್ಲೇ ಕೊಳೆಯುತ್ತದೆ. ಕೂಸಿಗೆ ಒಂದು ಮಾತೂ ಕೊಟ್ಟಿಲ್ಲ ಶೇಕ್ಸ್‌ಪಿಯರ್. ಓಬೆರಾನ್ ಹೆಂಡತಿಯ ಕಣ್ಣಿಗೆ ರಸ ಹಿಂಡುತ್ತಾನೆ, ಅವಳು ಕತ್ತೆ ತಲೆಯ ಬಾಟಮ್‌ನ ಮೋಹದಲ್ಲಿ ಮುಳುಗಿರುವಾಗ ಮಗುವನ್ನು ಕೇಳಿ ಇಸಿದುಕೊಳ್ಳುತ್ತಾನೆ. ಅವಳಿಗೆ ಮದ್ದು ತೆಗೆಸುವುದು ಆಮೇಲೆ. ಎದ್ದ ಟೈಟಾನಿಯಾ ಮಗುವಿನ ಸುದ್ದಿಯೇ ಎತ್ತುವುದಿಲ್ಲ. 2019ರಲ್ಲಿ ಲಂಡನ್ನಿನ ಬ್ರಿಡ್ಜ್ ಥಿಯೇಟರ್‌ನಲ್ಲಿ ನಿಕೋಲಸ್ ಹೈಟ್ನರ್ ಇದನ್ನು ತಿರುವುಮುರುವು ಮಾಡಿದ. ಅಲ್ಲಿ ರಸ ಬಿದ್ದದ್ದು ಓಬೆರಾನ್ ಕಣ್ಣಿಗೆ. ಒಳ್ಳೆ ಸೇಡು, ಆದರೆ ಗೆಳತಿಗಾಗಿ ಹಟ ಹಿಡಿದವಳು ಸೋಲುವ ನೋವು ಅದರಲ್ಲಿ ತಪ್ಪಿಹೋಗುತ್ತದೆ ಅಂತ ನನ್ನ ಅನಿಸಿಕೆ.

ನಾಟಕದ ಚೌಕಟ್ಟಿನಲ್ಲೇ ಇರುವ ಥೀಸಿಯಸ್ ಮದುವೆಯಾಗುವುದು ತಾನು ಯುದ್ಧದಲ್ಲಿ ಗೆದ್ದು ತಂದ ಹೆಣ್ಣುಸೈನ್ಯದ ರಾಣಿ ಹಿಪೊಲಿಟಾಳನ್ನು. ನೂರು ವರ್ಷಕ್ಕೂ ಹಿಂದೆ ಎಂ. ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ಕನ್ನಡಕ್ಕೆ ತಂದಾಗ ‘ಪ್ರಮೀಳಾರ್ಜುನೀಯ’ ಎಂದು ಹೆಸರಿಟ್ಟರು. ಲಕ್ಷ್ಮೀಶನ ಜೈಮಿನಿ ಭಾರತ ಕೇಳಿ ಬೆಳೆದವರಿಗೆ ಅರ್ಜುನನ ಎದುರು ನಿಂತು ಕೊನೆಗೆ ಅವನನ್ನೇ ವರಿಸಿದ ಸ್ತ್ರೀರಾಜ್ಯದ ಪ್ರಮೀಳೆ ಯಾರು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಹೆಸರಲ್ಲೇ ಅರ್ಧ ನಾಟಕ ಹೇಳಿಬಿಟ್ಟರು ಗೌಡರು.

ಇನ್ನು ಹರ್ಮಿಯಾ, ಹೆಲೆನಾ. ಒಟ್ಟಿಗೆ ಬೆಳೆದವರು. ಒಂದೇ ದಿಂಬಿನ ಮೇಲೆ ಕೂತು, ಒಂದೇ ಹಾಡು ಹೇಳುತ್ತಾ, ಇಬ್ಬರೂ ಸೂಜಿ ಹಿಡಿದು ಒಂದೇ ಹೂವನ್ನು ಕಸೂತಿ ಮಾಡುತ್ತಿದ್ದರು. ಓಡಿಹೋಗುವ ಗುಟ್ಟನ್ನು ಹರ್ಮಿಯಾ ಹೇಳಿದ್ದು ಇವಳೊಬ್ಬಳಿಗೆ. ಇವಳು ಮಾಡಿದ್ದೇನು? ನೆಟ್ಟಗೆ ಹೋಗಿ ಡಿಮೆಟ್ರಿಯಸ್‌ಗೆ ಹೇಳಿದಳು, ಅವನಿಂದ ಒಂದು ಒಳ್ಳೆ ಮಾತು ಸಿಕ್ಕೀತು ಅಂತ. ಇಲ್ಲೂ ರಸ ಇಲ್ಲ, ಪಕ್ ಇಲ್ಲ. ಪಕ್ ಪಾಪ, ಆಗಲೇ ಹೊತ್ತಿದ್ದ ಒಲೆಗೆ ಊದಿದ ಅಷ್ಟೇ.

ಕಾಡಿನ ಜಗಳದ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಕುಳ್ಳಿ, ಕಂಬ ಅಂತ ಇಬ್ಬರೂ ಬೈದಾಡುತ್ತಾರೆ. ತಾಲೀಮಿನಲ್ಲಿ ಮಕ್ಕಳಿಗೂ ಇದೇ ಅಚ್ಚುಮೆಚ್ಚು. ಆ ಗದ್ದಲದ ನಡುವೆ ಹೆಲೆನಾ ಒಪ್ಪಿಕೊಳ್ಳುತ್ತಾಳೆ: ನೀವು ಓಡಿಹೋಗುವ ಸುದ್ದಿ ಅವನಿಗೆ ಹೇಳಿದ್ದು ನಾನೇ. ಹರ್ಮಿಯಾ ಅದಕ್ಕೆ ಏನೂ ಅನ್ನುವುದಿಲ್ಲ. ಹೋಗು, ಯಾರು ತಡೆದರು ನಿನ್ನ, ಅಷ್ಟೇ.

ಐದನೇ ಅಂಕ ಪೂರ್ತಿ ಮದುವೆ ಸಂಭ್ರಮ. ಬಾಟಮ್ ಮತ್ತು ಗೆಳೆಯರು ನಾಟಕ ಆಡುತ್ತಾರೆ. ಒಬ್ಬ ಗೋಡೆ, ಒಬ್ಬ ಬೆಳದಿಂಗಳು, ಸಿಂಹದ ವೇಷದ ಬಡಗಿ ‘ಹೆದರಬೇಡಿ ತಾಯಂದಿರೇ, ನಾನು ನಿಜವಾದ ಸಿಂಹ ಅಲ್ಲ’ ಎನ್ನುತ್ತಾನೆ. ಗಂಡಸರು ಕೂತು ಗೇಲಿ ಮಾಡುತ್ತಾರೆ. ಹರ್ಮಿಯಾ, ಹೆಲೆನಾ ಇಬ್ಬರೂ ಅಲ್ಲೇ ಇರುತ್ತಾರೆ. ಆ ಅಂಕದಲ್ಲಿ ಇಬ್ಬರಿಗೂ ಒಂದೇ ಒಂದು ಮಾತಿಲ್ಲ.

ಮೊದಲ ಎರಡು ಸಲ ನಾನು ಅವರನ್ನು ಗಂಡಂದಿರ ಪಕ್ಕ ಕೂರಿಸಿ, ನಗುತ್ತಾ ಇರಿ ಎಂದಿದ್ದೆ. ಮೂರನೇ ಸಲ ತಾಲೀಮಿನಲ್ಲಿ ಹರ್ಮಿಯಾ ಮಾಡುತ್ತಿದ್ದ ಹುಡುಗಿ ಕೇಳಿದಳು, "ಮೇಡಂ, ನಾನು ಇವಳನ್ನ ಕ್ಷಮಿಸಿದೀನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ತೋಚಿದ ಹಾಗೆ ಮಾಡಿ ಎಂದೆ. ಪ್ರದರ್ಶನದ ದಿನ ಸಿಂಹ ಬಂದಾಗ ಹೆಲೆನಾ ಎದ್ದು, ಹರ್ಮಿಯಾ ಕೂತಿದ್ದ ಜಮಖಾನದ ಇನ್ನೊಂದು ತುದಿಯಲ್ಲಿ ಹೋಗಿ ಕೂತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಹರ್ಮಿಯಾ ತಿರುಗಿ ನೋಡಲಿಲ್ಲ. ಎದ್ದು ಹೋಗಲೂ ಇಲ್ಲ. ಸಭೆಯವರೆಲ್ಲ ಸಿಂಹವನ್ನು ನೋಡಿ ನಗುತ್ತಿದ್ದರು.