ಅಕ್ಕನ ಕೂಲಿ ಎಲ್ಲಿ?

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ಕೆಆರ್‌ಎಸ್ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿದೆ. ಮಂಡ್ಯ ಕಡೆಯವರಿಗೆ ಕೊನೇ ಭಾಗ ಅಂದರೆ ಸಾಕು, ಮಿಕ್ಕಿದ್ದು ತಾನಾಗೇ ಅರ್ಥವಾಗುತ್ತದೆ. ಕಟ್ಟೆಯ ಹತ್ತಿರದವರ ಗದ್ದೆಗೆ ಹರಿದು, ನಡುವಿನವರದ್ದು ಮುಗಿದು, ಆಮೇಲೆ ನಮ್ಮ ಪಾಳಿ. ಒಳ್ಳೆ ವರ್ಷಗಳಲ್ಲಿ ನೀರು ಬರುತ್ತಿತ್ತು. ಉಳಿದ ವರ್ಷಗಳಲ್ಲಿ ನೀರು ಬಿಟ್ಟರಂತೆ ಅನ್ನುವ ಸುದ್ದಿ ಬರುತ್ತಿತ್ತು.

ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಟೀ ಅಂಗಡಿಯಲ್ಲಿ ಪೇಪರು ಕೈಗೆ ಸಿಕ್ಕರೆ ಮೊದಲು ಹುಡುಕುತ್ತಿದ್ದದ್ದು ಕೆಆರ್‌ಎಸ್ ಮಟ್ಟ. 124.80 ಅಡಿ ಅಂದರೆ ಭರ್ತಿ. ನೂರು ದಾಟಿದರೆ ಮನೆಗೆ ಬರುವಾಗ ಬೋಂಡದ ಪೊಟ್ಟಣ ಇರುತ್ತಿತ್ತು. ಇಳಿಯುತ್ತಾ ಹೋದರೆ ಆ ದಿನ ಅಪ್ಪನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅಜ್ಜಿಯ ಲೆಕ್ಕವೇ ಬೇರೆ. ಅವಳ ತವರಿನ ಹಿರೀಕರು ಹಳೇ ಕನ್ನಂಬಾಡಿಯವರು. ಕಟ್ಟೆ ಎದ್ದಾಗ ಊರು ನೀರಿಗೆ ಹೋಯಿತು, ಜನ ಗಂಟುಮೂಟೆ ಕಟ್ಟಿದರು. ಬರಗಾಲದಲ್ಲಿ ಹಿನ್ನೀರು ಇಳಿದಾಗ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿ ಕಾಣುತ್ತಿತ್ತು. ಅದನ್ನು ನೋಡೋಕೆ ಊರವರು ಟೆಂಪೋ ಮಾಡಿಕೊಂಡು ಹೋಗುತ್ತಿದ್ದರು. ಅಜ್ಜಿ ಹೋಗಲಿಲ್ಲ. "ದೇವ್ರು ಕಾಣ್ತಾವ್ನೆ ಅಂದ್ರೆ ನೀರಿಲ್ಲ ಅಂತ ತಾನೇ" ಅಂದಿದ್ದಳು. ಈಗ ಆ ಗುಡಿಯನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ, ಬರ ಬಾರದೆಯೂ ನೋಡಬಹುದು.

ನಾವು ನಂಬಿದ್ದದ್ದು ಕಬ್ಬನ್ನು. ಅದು ವರ್ಷದ ಬೆಳೆ. ಬೆಳೆಯೋವರೆಗೆ ಕಾಯಬೇಕು, ಕಡಿಯೋ ಆಳುಗಳಿಗೆ ಕಾಯಬೇಕು, ಲಾರಿಗೆ ಕಾಯಬೇಕು, ಕೊನೆಗೆ ಕಾರ್ಖಾನೆಯ ಬಿಲ್ಲಿಗೆ ಕಾಯಬೇಕು. ಎಷ್ಟೋ ಸಲ ಮುಂದಿನ ಬೆಳೆ ಮೊಣಕಾಲುದ್ದ ಬಂದರೂ ಹಿಂದಿನದ್ದರ ದುಡ್ಡು ಬಂದಿರುತ್ತಿರಲಿಲ್ಲ. ಬೇಸತ್ತು ಒಂದೆರಡು ವರ್ಷ ಅಪ್ಪ ಆಲೆಮನೆಗೆ ಹಾಕಿದ. ಬೆಲ್ಲದ ರೇಟು ಬಿತ್ತು. ಕಾಲೇಜಿನ ಫೀಸಿನ ಕೊನೇ ದಿನಾಂಕ ಮಾತ್ರ ಯಾರನ್ನೂ ಕಾಯುತ್ತಿರಲಿಲ್ಲ, ಅಲ್ವಾ?

ನಾನು ಬಿ.ಕಾಂ.ಗೆ ಸೇರಿದ್ದು 2000ದಲ್ಲಿ. ಮಂಡ್ಯದಲ್ಲಿ ನಮ್ಮ ಕಡೆಯ ಹುಡುಗರ ಜೊತೆ ಒಂದು ರೂಮು. ಊರಿಂದ ರಾಗಿಹಿಟ್ಟು, ಅಕ್ಕಿ, ಹುರುಳಿಕಾಳು ಬಸ್ಸಿನಲ್ಲಿ ಬರುತ್ತಿತ್ತು. ಸೀಮೆಎಣ್ಣೆ ಸ್ಟವ್ ಮೇಲೆ ಮುದ್ದೆ ತೊಳಸೋದನ್ನು ಕಲಿತೆವು. ಮೊದಮೊದಲು ಆ ಮುದ್ದೆ ನುಂಗೋಕೂ ಧೈರ್ಯ ಬೇಕಿತ್ತು. ಮುಂದಿನ ವರ್ಷವೇ ಬರ ಶುರುವಾಯಿತು. ಸಾಲಾಗಿ ಮೂರು ವರ್ಷ ಬಿಡಲಿಲ್ಲ. 2002ರಲ್ಲಿ ಕಾವೇರಿ ಗಲಾಟೆ. ಮಂಡ್ಯದ ರೈತ ಮುಖಂಡ ಜಿ. ಮಾದೇಗೌಡರ ಮುಂದಾಳತ್ವ, ಹೆದ್ದಾರಿ ಬಂದ್, ಊರೂರಿಂದ ಟ್ರಾಕ್ಟರ್‌ಗಳು. ಆ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿಂದ ಮಂಡ್ಯದವರೆಗೆ ಪಾದಯಾತ್ರೆ ಬಂದರು. ಕಾಲೇಜು ನಡೆದ ದಿನಕ್ಕಿಂತ ನಡೆಯದ ದಿನಗಳ ನೆನಪೇ ಆ ವರ್ಷದ್ದು ಜಾಸ್ತಿ. ಘೋಷಣೆ ಕೂಗಿ ಗಂಟಲು ಕಟ್ಟಿಕೊಂಡು ಊರಿಗೆ ಹೋದರೆ, ಗದ್ದೆಯಲ್ಲಿ ಕಬ್ಬು ಒಣಗಿ ನಿಂತಿತ್ತು.

ಆ ವರ್ಷಗಳಲ್ಲಿ ನನ್ನನ್ನು ಓದಿಸಿದ್ದು ಅಕ್ಕನ ರೇಷ್ಮೆ ಹುಳು.

ಅಕ್ಕ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಳು. ನನಗಿಂತ ಚೆನ್ನಾಗಿ ಓದುತ್ತಿದ್ದಳು ಅಂತ ಊರಿನ ಮೇಷ್ಟ್ರು ನನ್ನೆದುರೇ ಹೇಳೋರು. ಮುಂದೆ ಕಳಿಸಲಿಲ್ಲ. ಬೋರ್‌ವೆಲ್ಲಿನಲ್ಲಿ ಬರುತ್ತಿದ್ದ ಚೂರು ನೀರಿಗೆ ಕಬ್ಬು ಆಗದು, ಹಿಪ್ಪುನೇರಳೆ ಆದೀತು ಅಂತ ಲೆಕ್ಕ ಹಾಕಿದ್ದು ಅವಳೇ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು ತಂದಿದ್ದ ವಿ-1 ತಳಿಯ ಕಡ್ಡಿ ತರಿಸಿ ಅರ್ಧ ಎಕರೆಗೆ ನೆಡಿಸಿದಳು. ಕಬ್ಬಿಗೆ ವರ್ಷವಾದರೆ ಹುಳುವಿಗೆ ಒಂದು ತಿಂಗಳೂ ಹಿಡಿಯದು. ನಾಲ್ಕು ಜ್ವರ (ಹುಳು ಪೊರೆ ಬಿಡೋದಕ್ಕೆ ನಾವು ಹಾಗನ್ನೋದು) ಎದ್ದು, ಹಣ್ಣಾಗಿ, ಚಂದ್ರಿಕೆ ಅನ್ನೋ ಬಿದಿರ ತಟ್ಟಿ ಹತ್ತಿ ಗೂಡು ಕಟ್ಟಿಬಿಡುತ್ತದೆ.

ಆದರೆ ಆ ತಿಂಗಳು ಮನೆ ನಮ್ಮದಲ್ಲ. ಪಡಸಾಲೆ, ನಡುಮನೆ ಎಲ್ಲಾ ಹುಳು ಸಾಕುವ ತಟ್ಟೆಗಳ ಪಾಲು. ಒಗ್ಗರಣೆ ಘಾಟು ಕೂಡದು, ಊದುಬತ್ತಿ ಕೂಡದು, ಸೊಳ್ಳೆಬತ್ತಿಯಂತೂ ದೇವರಾಣೆ ಕೂಡದು. ಅಪ್ಪನ ಬೀಡಿ ಬೇವಿನ ಮರದ ಕೆಳಗೆ ಹೋಯಿತು. ಹೊಂಗೆ ಸಾಲಿನಾಚೆ ಯಾರಾದರೂ ಔಷಧಿ ಹೊಡೆದರೆ ಅಕ್ಕ ಜಗಳಕ್ಕೆ ಹೋಗುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ಎಲ್ಲಿಲ್ಲದ ಹಸಿವು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ವಾರಕ್ಕೇ ಬೇಕು. ಅಕ್ಕ, ಅವ್ವ ಸರದಿ ಮೇಲೆ ರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದರು. ಗೂಡು ಬಿಡಿಸಿ ಚೀಲಕ್ಕೆ ತುಂಬಿ ಅಪ್ಪ ರಾಮನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಹರಾಜು ಕೂಗಿದ ದಿನವೇ ದುಡ್ಡು ಕೈಗೆ. ಕಬ್ಬು ಕಂಡವರಿಗೆ ಇದೊಂದು ಪವಾಡ. ಅದರಲ್ಲಿ ನನ್ನ ಪರೀಕ್ಷೆ ಫೀಸು, ರೂಮಿನ ಬಾಡಿಗೆ, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕ್ಲಾಸು. ಆಗ ಟ್ಯಾಲಿ ಕಲಿತರೆ ಕೆಲಸ ಸಿಕ್ಕಂತೆಯೇ ಅಂತ ಎಲ್ಲರೂ ಹೇಳೋರು.

ಈಗ ನಮ್ಮ ಅಕೌಂಟ್ಸ್ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಎರಡನೇ ವರ್ಷದಲ್ಲಿ ಅವರು ಪುಸ್ತಕದ ಲೆಕ್ಕ ಬಿಡಿ, ನಿಮ್ಮ ಮನೆಯ ಒಂದು ಬೆಳೆಯ ಲಾಭ-ನಷ್ಟ ಬರೆದು ತನ್ನಿ ಅಂದರು. ಕ್ಲಾಸಿನಲ್ಲಿ ಮುಕ್ಕಾಲು ಜನ ರೈತರ ಮಕ್ಕಳು. ಹೆಚ್ಚಿನವರು ಕಬ್ಬು, ಭತ್ತ ಬರೆದರು. ನನಗೆ ಕಷ್ಟವೇ ಇರಲಿಲ್ಲ. ಅಕ್ಕ ಹಳೇ ಡೈರಿಯೊಂದರಲ್ಲಿ ಎಲ್ಲಾ ಬರೆದಿಟ್ಟಿದ್ದಳು. ಚಾಕಿ ಹುಳು (ಎಳೇ ಮರಿಹುಳು), ಗೊಬ್ಬರ, ಬ್ಲೀಚಿಂಗ್ ಪೌಡರ್, ಸುಣ್ಣ, ರಾಮನಗರದ ಬಸ್ ಚಾರ್ಜು, ಅಪ್ಪ ಅಲ್ಲಿ ಕುಡಿದ ಕಾಫಿ ಕೂಡ. ಸುಮ್ನೆ ಇಳಿಸಿಕೊಂಡು ಹೋದೆ. ಕೆಳಗೆ ಲಾಭ ದಪ್ಪಗೆ ಬರೆದೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

"ಸೊಪ್ಪು ಕೊಯ್ದೋರು ಯಾರಯ್ಯ?"

"ಅಕ್ಕ, ಸಾರ್."

"ರಾತ್ರಿ ಹುಳ ನೋಡ್ಕೊಂಡೋರು?"

"ಅಕ್ಕ, ಸಾರ್. ಅವ್ವ."

"ಅಕ್ಕನ ಕೂಲಿ ಎಲ್ಲಿ?"

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಆಗ ನಡೆಯುತ್ತಿದ್ದ ಹೆಣ್ಣಾಳಿನ ಕೂಲಿ ಎಷ್ಟು ಅಂತ ನನ್ನ ಬಾಯಲ್ಲೇ ಹೇಳಿಸಿ, ಕೆಂಪು ಇಂಕಿನಲ್ಲಿ ಖರ್ಚಿನ ಕಡೆ ಸೇರಿಸಿದರು. ಲಾಭ ಹೋಗಿ ನಷ್ಟ ಬಂತು. ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಡಿಮೆ ಯಾಕೆ ಅನ್ನೋದು ಇನ್ನೊಂದು ಲೆಕ್ಕ, ಅದು ಈ ಪೇಪರಿನಲ್ಲಿ ಬರಲ್ಲ ಅಂತಲೂ ಹೇಳಿದರು. ಆಮೇಲೆ ಭತ್ತದವರ, ಕಬ್ಬಿನವರ ಹಾಳೆಗಳನ್ನೂ ಹಾಗೇ ತಿದ್ದಿದರು. ಆ ಮಧ್ಯಾಹ್ನ ಕ್ಲಾಸಿನಲ್ಲಿ ಲಾಭದಲ್ಲಿದ್ದ ಮನೆ ಒಂದೂ ಉಳಿಯಲಿಲ್ಲ. ಡಿಗ್ರಿಯಲ್ಲಿ ಕಲಿತ ಲೆಕ್ಕಗಳಲ್ಲಿ ನನಗೆ ಪೂರ್ತಿ ನೆನಪಿರೋದು ಅದೊಂದೇ.

ಶನಿವಾರ ಊರಿಗೆ ಹೋಗಿ ಅಕ್ಕನಿಗೆ ಹಾಳೆ ತೋರಿಸಿದೆ. ಅವಳು ತಟ್ಟೆ ಬದಲಾಯಿಸುತ್ತಿದ್ದಳು. ತಿರುಗಿಯೂ ನೋಡದೆ, "ಕೂಲಿ ಹಾಕ್ಕೊಂಡಿದ್ರೆ ನಿನ್ ಫೀಸು ಎಲ್ಲಿಂದ ಬರ್ತಿತ್ಲಾ? ಆ ಕಡೆ ತಟ್ಟೆ ಇಡ್ಕೊ" ಅಂದಳು.

ಡಿಗ್ರಿ ಮುಗಿದ ಮೇಲೆ ಸ್ವಲ್ಪ ಕಾಲ ಬೆಂಗಳೂರಿನ ಪೀಣ್ಯದಲ್ಲಿ ಗೋದಾಮಿನ ಸ್ಟಾಕ್ ಬರೆದೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಊರಿಗೆ ವಾಪಸ್ ಬಂದು ಅರ್ಜಿ ಹಾಕುತ್ತಾ ಕೂತಿದ್ದಾಗ ಅದೇ ಮೇಷ್ಟ್ರು ಮೈಸೂರಿನ ಒಬ್ಬ ಆಡಿಟರ ಹತ್ತಿರ ಕಳಿಸಿದರು. ಕಾಲ ಕೂಡಿಬಂದಿತ್ತು. 2005ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ ಬಂತು. ಹಳೇ ಮಾರಾಟ ತೆರಿಗೆಯಲ್ಲಿ ಹೆಚ್ಚಿನ ಸಾಮಾನಿಗೆ ಒಂದು ಹಂತದಲ್ಲಿ ತೆರಿಗೆ ಕಟ್ಟಿದರೆ ಮುಗಿಯುತ್ತಿತ್ತು. ಈಗ ಪ್ರತಿ ಹಂತದಲ್ಲೂ ಕಟ್ಟಬೇಕು, ಕೊಳ್ಳುವಾಗ ಕೊಟ್ಟಿದ್ದನ್ನು ಕಳೆದುಕೊಳ್ಳಬೇಕು. ಕಳೆಯೋಕೆ ಬಿಲ್ ಬೇಕು. ಸಂತೇಪೇಟೆಯ ಎಷ್ಟೋ ಅಂಗಡಿಗಳಲ್ಲಿ ಬಿಲ್ ಅನ್ನೋದು ಗೋಡೆಯ ಕಂಬಿಗೆ ಚುಚ್ಚಿದ ಚೀಟಿಗಳ ಗೊಂಚಲು. ಅದನ್ನು ಬಿಡಿಸಿ, ಟ್ಯಾಲಿಗೆ ಹಾಕಿ, ತಿಂಗಳು ತಿಂಗಳು ತೆರಿಗೆ ಲೆಕ್ಕದ ವ್ಯಾಟ್-100 ಫಾರಂ ತುಂಬೋಕೆ ಹುಡುಗರು ಬೇಕಾಗಿದ್ದರು. ಹೀಗೆ ಬರದ ವರ್ಷಗಳಲ್ಲಿ ಓದಿ ಹೊರಬಿದ್ದ ನಮಗೆ ತೆರಿಗೆಯವರು ಅನ್ನ ಹಾಕಿದರು.

ಮೊದಲು ಮಂಡ್ಯದಿಂದಲೇ ರೈಲಿನಲ್ಲಿ ಓಡಾಡಿದೆ. ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ. ಪಾಸಿನವರಿಗೆ ಅವರವರದೇ ಜಾಗ. ಹೊಸಬ ಕೂತರೆ ಕಣ್ಣಲ್ಲೇ ಎಬ್ಬಿಸುತ್ತಿದ್ದರು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಇಸ್ಪೀಟು ಆಡೋರೂ ಎಲೆ ಮಡಚಿ ಹೊಳೆಯಲ್ಲಿ ಎಷ್ಟು ನೀರಿದೆ ಅಂತ ಇಣುಕುತ್ತಿದ್ದರು. ಆಮೇಲೆ ಮಂಡಿ ಮೊಹಲ್ಲಾದಲ್ಲಿ ರೂಮು ಹಿಡಿದೆ. ಮೈಸೂರಿನವರಿಗೆ ನಮ್ಮ ಮಾತು ಕೇಳಿ ನಗು. ಸಂತೇಪೇಟೆಯ ಸಾಹುಕಾರರಿಗೆ ಮಾತ್ರ ಅದೇ ಮಾತು ಇಷ್ಟ. ಅವರ ಗಿರಾಕಿಗಳೆಲ್ಲ ನಮ್ಮ ಹಳ್ಳಿಯವರೇ ಅಲ್ವಾ.

ಮೊದಲ ಬೋನಸ್ ಬಂದಾಗ ಅಕ್ಕನನ್ನು ಮೈಸೂರು ಸಿಲ್ಕ್ ಅಂಗಡಿಗೆ ಕರೆದುಕೊಂಡು ಹೋದೆ. 1912ರಿಂದ ರೇಷ್ಮೆ ನೇಯುತ್ತಿರುವ ಊರಿದು, ಹುಳು ಸಾಕಿದವಳು ಒಂದು ಸೀರೆಯನ್ನಾದರೂ ಉಡಬೇಡವೇ ಅಂತ ನನ್ನ ಲೆಕ್ಕ. ಅವಳು ಸೆರಗು ಬೆರಳಲ್ಲಿ ಉಜ್ಜಿ ನೋಡಿದಳು, ಬೆಲೆಯ ಚೀಟಿ ತಿರುಗಿಸಿದಳು, ಇದಕ್ಕೆ ಎಷ್ಟು ಗೂಡು ಬೇಕು ಅಂತ ಅಂಗಡಿಯವರನ್ನೇ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. "ಗೂಡಿನ ರೇಟು ಗೊತ್ತಿಲ್ದೆ ಸೀರೆ ರೇಟು ಹೆಂಗಾಕವ್ರೆ?" ಅಂದು ಎದ್ದಳು. ಆ ದುಡ್ಡಿನಲ್ಲಿ ಅವಳು ಕೊಡಿಸಿಕೊಂಡದ್ದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಕಟ್ಟುವ ನೈಲಾನ್ ಪರದೆ. ಆ ಬೆಳೆಗೆ ಊಜಿ ಕಾಟ ಕಡಿಮೆಯಾಯಿತು ಅನ್ನೋದನ್ನೂ ಹೇಳಬೇಕು.

ಈಗ ಮೈಸೂರಿನಲ್ಲಿ ನನ್ನದೇ ಸಣ್ಣ ಆಫೀಸಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮತ್ತೊಂದು ಸುತ್ತು ಕೆಲಸ ಬಂತು. ಪ್ರತಿ ತಿಂಗಳೂ ರಿಟರ್ನ್ ಹಾಕೋ 20ನೇ ತಾರೀಕು ಹತ್ತಿರವಾದ ಹಾಗೆ ಸಾಹುಕಾರರಿಗೂ ನಮಗೂ ನಿದ್ದೆ ಇರಲ್ಲ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಕೆಲಸ ಕೇಳಿಕೊಂಡು ಬಂದರೆ ಮೊದಲು ಊರು ಕೇಳುತ್ತೇನೆ. ಕೊನೇ ಭಾಗದವರಾದರೆ ಸ್ವಲ್ಪ ಪಕ್ಷಪಾತ ಮಾಡುತ್ತೇನೆ, ಒಪ್ಪಿಕೊಳ್ಳೋಕೆ ನಾಚಿಕೆಯಿಲ್ಲ.

ಅಕ್ಕ ಮದುವೆಯಾದದ್ದು ಪಕ್ಕದ ಊರಿಗೇ. ಅಲ್ಲೂ ಹುಳು ಸಾಕುತ್ತಾಳೆ, ಈಗ ಬೇರೆ ಹುಳುಮನೆಯೇ ಇದೆ. ಡೈರಿ ಬಿಟ್ಟಿಲ್ಲ. ಈ ಲೇಖನಕ್ಕೆ ಅಂತ ಕೇಳಿ ತರಿಸಿಕೊಂಡು ನೋಡಿದೆ. ಖರ್ಚಿನ ಕಡೆ 'ನಂದು' ಅಂತ ಒಂದು ಕಲಂ ಗೀಟು ಹಾಕಿದ್ದಾಳೆ. ದಿನಕ್ಕಿಷ್ಟು ಅಂತ ಕೂಲಿ ಬಿದ್ದಿದೆ, ಅದೂ ಗಂಡಾಳಿನ ರೇಟಿನಲ್ಲಿ. ಪಕ್ಕದಲ್ಲಿ ಭಾವನ ಹೆಸರಿನದೂ ಒಂದು ಕಲಂ ಇದೆ. ಅದು ಬಹುಪಾಲು ಖಾಲಿ. ಭಾವನನ್ನು ಕೇಳಿದರೆ, ರಾಮನಗರಕ್ಕೆ ಹೋಗಿಬಂದ ದಿನಗಳನ್ನು ಅವಳು ಬೇಕೂಂತಲೇ ಬರೆಯಲ್ಲ ಅಂತಾರೆ.